ಗೋಡೆಯ ಮಾಡದಲ್ಲಿದ್ದ ಸೀಲು

ಅಂದು ಸೋಮವಾರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಮ್ಮ ಮನೆಯಲ್ಲಿ ಎತ್ತು ಹೋಗಿ ಸಣ್ಣ ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷಗಳಾಗಿದ್ದರೂ ನಮ್ಮ ಮನೆಯವರು ಆ ರೂಢಿಯನ್ನು ಬಿಟ್ಟಿರಲಿಲ್ಲ. ಸೋಮವಾರ ಟ್ರ್ಯಾಕ್ಟರಿನ ಕೀಲಿ ಗೂಟದಿಂದ ಇಳಿಯುತ್ತಿರಲಿಲ್ಲ. ಅದನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ತೊಳೆಯುವುದು, ಗ್ರೀಸ್ ಹೊಡೆಯುವುದು, ಟಯರಿಗೆ ಸಿಕ್ಕ ಕಲ್ಲು ಕೀಳುವುದು, ಇಷ್ಟೇ ಆ ದಿನದ ಕೆಲಸ.

ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಿದ್ದ ಅತ್ತೆ ತಮ್ಮ ಮಗನನ್ನು ಕೆಣಕಿದರು. "ಹೆಂಡ್ತಿಗಿ ಒಂದಿನ ಸೂಟಿ ಇಲ್ಲ, ಕಬ್ಬಿಣಕ್ಕ ಸೂಟಿ ಕೊಟ್ಟಾನ ನೋಡ ಮಗ!"

"ಅಕಿಗೆ ಬಾಯಿ ಅದ ಬೇ ಯವ್ವಾ, ಕೇಳ್ತಾಳ. ಇದಕ್ಕ ಬಾಯಿಲ್ಲ, ನಾನ ಕೇಳಬೇಕು" ಎಂದರು ಅವರು, ಕಲ್ಟಿವೇಟರಿನ ಕುಳಗಳನ್ನು ಚಿಂದಿಯಿಂದ ಒರೆಸುತ್ತ.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಎರಡು ಸಲ ಮಜ್ಜಿಗೆ ಕೇಳಿದರು. ಉಂಡು ಅಲ್ಲೇ ಗೋಡೆಗೆ ಒರಗಿ ಒಂದು ನಿದ್ದೆ ತೆಗೆದರು. ನೆನಪಿಡಬೇಕೆಂದು ನಾನು ಇದನ್ನು ನೆನಪಿಟ್ಟದ್ದಲ್ಲ. ಮಾರನೆಯ ದಿನ ಹಾಗಾದದ್ದರಿಂದ ಹಿಂದಿನ ದಿನ ಹಾಗೇ ಉಳಿದುಕೊಂಡಿತು.

ಮಂಗಳವಾರ ಬೆಳಿಗ್ಗೆ ಕೂಳೆ ಕಬ್ಬಿನ ಸಾಲುಗಳ ನಡುವೆ ಹರಗಲು ಹೋದರು. ಹೊಲದಲ್ಲಿ ಹಿಂದಿನ ಬೆಳೆಯ ರವದಿ, ಕಬ್ಬಿನ ಒಣ ಗರಿ, ಇನ್ನೂ ಬಿದ್ದಿತ್ತು. ಅದು ಕಲ್ಟಿವೇಟರಿಗೆ ಸುತ್ತಿಕೊಂಡಿದೆ. ಕಲ್ಟಿವೇಟರನ್ನು ಮೇಲೆತ್ತಿ, ಇಂಜಿನ್ ಬಂದ್ ಮಾಡಿ, ರವದಿ ಬಿಡಿಸಲೆಂದು ಕೆಳಗೆ ಹೋಗಿದ್ದಾರೆ. ನಾನು ಬುತ್ತಿ ತೆಗೆದುಕೊಂಡು ಬದುವಿನ ಮೇಲೆ ಬರುವಾಗ ಟ್ರ್ಯಾಕ್ಟರಿನ ಸದ್ದು ಇರಲಿಲ್ಲ. ಎಲ್ಲೋ ಮರದ ನೆರಳಲ್ಲಿ ಕುಳಿತಿರಬಹುದು ಎಂದುಕೊಂಡು ಕೂಗಿದೆ. ಹತ್ತಿರ ಹೋದಾಗ ಕಲ್ಟಿವೇಟರ್ ಕೆಳಗಿಳಿದಿತ್ತು, ಅವರು ಅದರ ಕೆಳಗಿದ್ದರು. ಅದರ ಮುಂದೆ ನಾನು ಬರೆಯುವುದಿಲ್ಲ.

ಟ್ರ್ಯಾಕ್ಟರ್ ಕಾಣದವರಿಗಾಗಿ ಒಂದಿಷ್ಟು ಹೇಳಬೇಕು. ಹಿಂದುಗಡೆ ಎರಡು ಕಬ್ಬಿಣದ ತೋಳುಗಳಿರುತ್ತವೆ. ಕಲ್ಟಿವೇಟರನ್ನು ಅವಕ್ಕೆ ಜೋಡಿಸುತ್ತಾರೆ. ಸೀಟಿನ ಪಕ್ಕದ ಲಿವರ್ ಎಳೆದರೆ ಒಳಗೆ ಎಣ್ಣೆಯ ಒತ್ತಡಕ್ಕೆ ಪಿಸ್ಟನ್ ಸರಿದು ತೋಳುಗಳು ಮೇಲೇಳುತ್ತವೆ, ತಳ್ಳಿದರೆ ಕೆಳಗಿಳಿಯುತ್ತವೆ. ಇದನ್ನೇ ಲಿಫ್ಟ್ ಎನ್ನುವುದು. ಪಿಸ್ಟನ್ನಿಗೆ ಉಂಗುರದ ಹಾಗೆ ಒಂದು ರಬ್ಬರ್ ಸೀಲು ಇರುತ್ತದೆ. ಆ ಸೀಲು ಸರಿಯಾಗಿದ್ದರೆ ಇಂಜಿನ್ ಬಂದ್ ಮಾಡಿದರೂ ಎತ್ತಿದ್ದು ಎತ್ತಿದಲ್ಲೇ ನಿಲ್ಲುತ್ತದೆ. ಸೀಲು ಸವೆದರೆ ಎಣ್ಣೆ ಅದನ್ನು ದಾಟಿ ಜಾರುತ್ತದೆ, ಎತ್ತಿದ್ದು ಕೆಳಗಿಳಿಯುತ್ತದೆ. ಒಮ್ಮೊಮ್ಮೆ ನಿಧಾನವಾಗಿ, ಒಮ್ಮೊಮ್ಮೆ ಒಮ್ಮೆಗೇ.

ನಮ್ಮದು ಹಳೆಯ ಗಾಡಿ. ಅದರ ಲಿಫ್ಟ್ ಕೆಲವು ವರ್ಷಗಳಿಂದ ನಿಲ್ಲುತ್ತಿರಲಿಲ್ಲ. ಒಂದು ಕಪ್ ಚಹಾ ಕುಡಿಯುವುದರೊಳಗೆ ಕುಳಗಳು ನೆಲ ಮುಟ್ಟುತ್ತಿದ್ದವು. ಅದಕ್ಕೇ ನಮ್ಮ ಮನೆಯವರು ಜಾಲಿ ಮರದ ಒಂದು ಕೊರಡು ಇಟ್ಟುಕೊಂಡಿದ್ದರು. ಮೊಣಕಾಲೆತ್ತರದ್ದು, ಮೇಲ್ಭಾಗದಲ್ಲಿ ಕಬ್ಬಿಣ ಕೂತು ಕೂತು ತಗ್ಗು ಬಿದ್ದಿತ್ತು. ಆ ಕೊರಡನ್ನು ಆನಿಕೆಯಾಗಿ ನಿಲ್ಲಿಸದೆ ಅವರು ಕಲ್ಟಿವೇಟರಿನ ಕೆಳಗೆ ಕೈ ಹಾಕಿದ್ದನ್ನು ನಾನು ಕಂಡಿಲ್ಲ.

ಮಹಾನವಮಿಗೆ ಇನ್ನೂ ಹದಿನೈದು ದಿನ ಇರುವಾಗ ಲಿಫ್ಟ್ ರಿಪೇರಿ ಮಾಡಿಸಬೇಕೆಂದು ಗಟ್ಟಿ ಮನಸ್ಸು ಮಾಡಿದರು. ಅಷ್ಟು ಹಳೆಯ ಗಾಡಿಯ ಸೀಲು ಅಫಜಲಪುರದಲ್ಲಿ ಸಿಗಲಿಲ್ಲ. ಅವರೇ ಬಸ್ಸು ಹಿಡಿದು ಕಲಬುರಗಿಗೆ ಹೋಗಿ, ಅಂಗಡಿ ಅಂಗಡಿ ತಿರುಗಿ ಒಂದು ಪಾಕೀಟು ತಂದರು. ಅಂಗೈಯಷ್ಟು ಪ್ಲಾಸ್ಟಿಕ್ ಪಾಕೀಟು, ಒಳಗೆ ಒಂದು ಕಪ್ಪು ಉಂಗುರ. "ನೋಡ, ಇಷ್ಟ ಅದ. ಇದರ ಸಂಬಂಧ ಕೊರಡ ಹೊತ್ತಕೊಂಡು ತಿರಗೀನಿ" ಎಂದು ನನ್ನ ಕೈಗೆ ಕೊಟ್ಟು ನಕ್ಕರು.

ಪಾಕೀಟು ಮತ್ತು ಗಾಡಿ ಎರಡನ್ನೂ ಒಯ್ದು ಟ್ರ್ಯಾಕ್ಟರ್ ರಿಪೇರಿಯ ಮಿಸ್ತ್ರಿಯ ಅಂಗಡಿಯಲ್ಲಿ ಬಿಟ್ಟು ಬಂದರು. ಮಿಸ್ತ್ರಿ ಎಂದರೆ ಅವರ ಜೊತೆ ಶಾಲೆಗೆ ಹೋದವನು. ತಾಯಿ ಇಲ್ಲದವನು. ಚಿಕ್ಕಂದಿನಲ್ಲಿ ಎಷ್ಟೋ ದಿನ ನಮ್ಮ ಅತ್ತೆಯ ಕೈ ರೊಟ್ಟಿ ತಿಂದೇ ಬೆಳೆದವನು. ಅತ್ತೆ ಅವನನ್ನು "ನನ್ನ ಎರಡನೇ ಮಗ" ಎನ್ನುತ್ತಿದ್ದರು. ನನ್ನನ್ನು ಅತ್ತಿಗೆಯ ಹಾಗೆ ವೈನಿ ಎಂದು ಕರೆಯುತ್ತಿದ್ದ. ಆಗ ನಾನು ಅವನನ್ನು ಅವರು, ಇವರು ಎಂದೇ ಮಾತಾಡಿಸುತ್ತಿದ್ದೆ. ಈಗ ಬರೆಯುವಾಗ ಕೈ ಹಾಗೆ ಬರೆಯುತ್ತಿಲ್ಲ.

ಮೂರನೆಯ ದಿನ ಅವನೇ ಗಾಡಿ ಓಡಿಸಿಕೊಂಡು ಬಂದ. ನಮ್ಮ ಮನೆಯವರು ಪಕ್ಕದ ಮಡ್‌ಗಾರ್ಡಿನ ಮೇಲೆ ಕುಳಿತಿದ್ದರು. ಅಂಗಳದಲ್ಲೇ ಲಿವರ್ ಎಳೆದು, ಕಲ್ಟಿವೇಟರ್ ಎತ್ತಿ, ಇಂಜಿನ್ ಬಂದ್ ಮಾಡಿ ತೋರಿಸಿದ. ನಾವು ಮೂವರೂ ಅಲ್ಲೇ ಕಾದೆವು. ಅವನು ಕೈ ತೊಳೆದು, ಉಂಡು, ಎಲೆ ಅಡಿಕೆ ಹಾಕಿಕೊಳ್ಳುವವರೆಗೂ ಅದು ಅಲುಗಲಿಲ್ಲ.

ನಮ್ಮ ಕಡೆಯ ಮಿಸ್ತ್ರಿಗಳಲ್ಲಿ ಒಂದು ರಿವಾಜಿದೆ. ಬಿಚ್ಚಿ ತೆಗೆದ ಹಳೆಯ ಸಾಮಾನನ್ನು ಗಾಡಿಯ ಮಾಲಕನ ಕೈಗೇ ಕೊಡಬೇಕು. ಹೊಸದು ಹಾಕಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಅವನೂ ಜೇಬಿನಿಂದ ಕಾಗದದಲ್ಲಿ ಸುತ್ತಿದ ಸೀಲನ್ನು ತೆಗೆದು ನನ್ನ ಮುಂದೆ ಹಿಡಿದ. ಬಿರುಕು ಬಿಟ್ಟ, ಕಲ್ಲಿನಷ್ಟು ಗಟ್ಟಿಯಾದ ಕಪ್ಪು ಉಂಗುರ.

"ಹಿಡೀರಿ ವೈನಿ. ನಿಮ್ಮ ಗಾಡೀ ಹೊಟ್ಟ್ಯಾಗಿನ ರೋಗ ಇದು. ಇನ್ನ ಆ ಕೊರಡ ಎದಕ್ರಿ? ಒಲಿಗಿ ಹಾಕ್ರಿ, ನಮ್ಮ ದೋಸ್ತಗ ನೀರರ ಕಾಯ್ತಾವ."

"ಏ, ಇರ್ಲಿ ಬಿಡಲೇ" ಎಂದರು ನಮ್ಮ ಮನೆಯವರು.

"ಯಾಕ, ನನ್ನ ಕೈ ಮ್ಯಾಲ ನಂಬಿಗಿಲ್ಲೇನಲೇ? ಹಂಗಾರ ಇನ್ನ ನಿನ್ನ ಗಾಡಿ ನನ್ನ ಅಂಗಡಿಗಿ ತರಬ್ಯಾಡ."

ಎಲ್ಲರೂ ನಕ್ಕೆವು. ಎರಡು ದಿನ ಕೊರಡು ಅಲ್ಲೇ ಬಿದ್ದಿತ್ತು. ಮೂರನೆಯ ದಿನ ಅವರೇ ಅದನ್ನು ಕೊಡಲಿಯಿಂದ ಎರಡು ಹೋಳು ಮಾಡಿ ಬಚ್ಚಲೊಲೆಯ ಹತ್ತಿರ ಹಾಕಿದರು. ನಾನು ಅದನ್ನು ಒಲೆಗಿಟ್ಟು ಅವರ ಜಳಕಕ್ಕೆ ನೀರು ಕಾಸಿದೆ. ಜಾಲಿ ಕಟ್ಟಿಗೆ ಬಹಳ ಹೊತ್ತು ಉರಿಯಿತು.

ಸೀಲನ್ನು ಪಡಸಾಲೆಯ ಗೋಡೆಯ ಮಾಡದಲ್ಲಿ, ದೀಪವಿಡುವ ಗೂಡಿನಲ್ಲಿ, ದೀಪದ ಪಕ್ಕ ಇಟ್ಟೆವು. ಮಹಾನವಮಿಯ ದಿನ ಬೋಲ್ಟ್ ಬಿಚ್ಚುವ ಪಾನಾ, ಹಾತೋಡಿ, ಕುಡುಗೋಲುಗಳ ಜೊತೆ ಅದಕ್ಕೂ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಚೆಂಡು ಹೂ ಏರಿಸಿದೆ. ಇಷ್ಟು ವರ್ಷ ಕಾಡಿದ್ದು ಹೊರಗೆ ಬಂತಲ್ಲ ಎಂಬ ಸಮಾಧಾನ.

ಮಹಾನವಮಿಯಾದ ಒಂದು ತಿಂಗಳಿಗೆ ಅವರು ಹೋದರು. ಆ ದಿನ ಎಲ್ಲರಿಗಿಂತ ಮೊದಲು ಓಡಿ ಬಂದವನು ಮಿಸ್ತ್ರಿಯೇ. ಅತ್ತೆಯ ಕಾಲ ಮೇಲೆ ಬಿದ್ದು ಅತ್ತ. ಮಣ್ಣು ಮಾಡುವಾಗ ಗುಣಿಯೊಳಗಿಳಿದು ಅವರನ್ನು ಕೂರಿಸಿದವರಲ್ಲಿ ಅವನೂ ಒಬ್ಬ. ತಿರುಗಿ ಬಂದು ಅಂಗಳದಲ್ಲಿ ಜನರ ನಡುವೆ ಕುಳಿತಾಗ ಯಾರೋ ಕೇಳಿದರು, ಲಿಫ್ಟ್ ರಿಪೇರಿ ಆಗಿತ್ತಲ್ಲ, ಹೆಂಗ ಇಳೀತು ಎಂದು.

ಅವನು ಹೇಳಿದ: "ಸೀಲ ಹೊಸಾದ್ ಅದರಿ, ಅದು ಇಳಿಯಂಗಿಲ್ಲ. ಕೆಳಗ ಹೋಗಬೇಕಾದ್ರ ಟವೆಲ್ಲೋ ಕೈಯೋ ಲಿವರಿಗೆ ತಾಕಿರಬೇಕು. ಅವಂದು ಯಾವಾಗ್ಲೂ ಅವಸರ. ಕೊರಡ ಇಡು, ಕೊರಡ ಇಡು ಅಂತ ಎಷ್ಟ ಸಲ ಹೇಳೀನಿ ನಾ."

ನಾನು ಒಳಗೆ ಕುಳಿತು ಕೇಳುತ್ತಿದ್ದೆ. ಒಲೆಗೆ ಹಾಕ್ರಿ ಎಂದವನು ಇವನೇ ಅಲ್ಲವೇ ಎಂದು ಒಂದು ಕ್ಷಣ ಹೊಳೆಯಿತು. ಆದರೆ ದುಃಖದಲ್ಲಿ ಮನುಷ್ಯ ಏನೇನೋ ಆಡುತ್ತಾನೆ, ನನಗೇ ಸರಿಯಾಗಿ ನೆನಪಿಲ್ಲವೇನೋ ಎಂದು ಸುಮ್ಮನಾದೆ. ಆ ಸುಮ್ಮನಿದ್ದದ್ದೇ ನಾನು ಮಾಡಿದ ತಪ್ಪು. ಆ ಮಾತು ಅಂಗಳದಿಂದ ಓಣಿಗೆ, ಓಣಿಯಿಂದ ಊರಿಗೆ ಹೋಯಿತು. ಅವಸರ ಮಾಡಿ ಸತ್ತವ ಎಂದು ಅವರಿಗೆ ಹೆಸರಾಯಿತು. ಅತ್ತೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ಕೇಳುತ್ತಿದ್ದರು: "ಎದಕ್ ಲಿವರ್ ಮುಟ್ಟಿದನೋ ನನ್ನ ಕೂಸು?" ನನಗೂ ಅವರ ಮೇಲೆ ಸಿಟ್ಟಿತ್ತು. ಸತ್ತವರ ಮೇಲಿನ ಸಿಟ್ಟನ್ನು ಯಾರಿಗೆ ಹೇಳುವುದು? ಅವರ ಅಂಗಿ ಮಡಚಿಡುವಾಗ ಒಮ್ಮೊಮ್ಮೆ ಅದನ್ನು ಜೋರಾಗಿ ಕೊಡವುತ್ತಿದ್ದೆ.

ಎರಡು ತಿಂಗಳಾದ ಮೇಲೆ ಹೊಲ ಹರಗಲೇಬೇಕಾಯಿತು. ಪಕ್ಕದ ಹೊಲದವರ ಡ್ರೈವರನನ್ನು ಕರೆದೆ. ಅವನು ಗಾಡಿ ಚಾಲೂ ಮಾಡಿ, ಕಲ್ಟಿವೇಟರ್ ಎತ್ತಿ, ಇಂಜಿನ್ ಬಂದ್ ಮಾಡಿ, ಟಯರಿಗೆ ಗಾಳಿ ನೋಡಲು ಇಳಿದ. ಮುಂದಿನ ಟಯರ್ ನೋಡಿ ಹಿಂದೆ ಬರುವಷ್ಟರಲ್ಲಿ ಕುಳಗಳು ನೆಲಕ್ಕೆ ಕೂತಿದ್ದವು.

"ಅಕ್ಕಾರ, ಲಿವರ್ ಏನರ ಮುಟ್ಟಿದ್ರೇನು?"

"ನಾ ಇಲ್ಲೇ ನಿಂತೀನಲ್ಲೋ ಅಣ್ಣಾ."

ಇನ್ನೊಮ್ಮೆ ಎತ್ತಿದ. ಇಬ್ಬರೂ ದೂರ ನಿಂತು ನೋಡಿದೆವು. ಯಾರೂ ಮುಟ್ಟದೆಯೇ ಅದು ಇಳಿಯಿತು. ಮೊದಲು ಒಂದು ಗೇಣು ಮೆಲ್ಲಗೆ, ಆಮೇಲೆ ದಡ್ಡನೆ. ಅತ್ತೆ ಕಟ್ಟೆಯ ಮೇಲಿದ್ದರು, ಕಣ್ಣು ಮಂಜು, ಅವರಿಗೆ ಕಾಣಿಸಲಿಲ್ಲ. ಸದ್ದು ಮಾತ್ರ ಕೇಳಿಸಿತು. "ಏನ ಬಿತ್ತು?" ಎಂದರು. "ಏನಿಲ್ಲತ್ತಿ" ಎಂದೆ.

ಮಿಸ್ತ್ರಿಗೆ ಫೋನ್ ಮಾಡಿದೆ. "ಜೇವರ್ಗಿ ಕಡೆ ಬಂದೀನ್ರಿ ವೈನಿ, ನಾಳಿ ಬರ್ತೇನಿ" ಎಂದ. ಮರುದಿನ ಮಾಡಿದರೆ ಮತ್ತೆ ನಾಳೆ. ಆಮೇಲಾಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ನನ್ನ ತವರು ಆಳಂದ. ಅಲ್ಲಿ ನಮ್ಮಪ್ಪನ ಕಾಲದಿಂದ ಟ್ರ್ಯಾಕ್ಟರ್ ಬಿಚ್ಚುತ್ತಿದ್ದ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ನಾವೆಲ್ಲ ಚಾಚಾ ಎನ್ನುತ್ತೇವೆ. ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದಾರೆ. ವಿಷಯ ಹೇಳಿದಾಗ ಬರಲೊಪ್ಪಿದರು. "ಬರ್ತೇನಿ ಬೇಟಿ. ಆದ್ರ ನನ್ನ ಕಣ್ಣ ಹೋಗ್ಯಾವ, ಕೈ ನಡಗ್ತಾವ. ಪಾನಾ ನೀನ ಹಿಡೀಬೇಕು, ನಾ ಬಾಯಿಲೆ ಹೇಳ್ತೇನಿ."

ಪಾನಾ ಹಿಡಿಯುವುದು ನನಗೆ ಹೊಸದಲ್ಲ. ಮದುವೆಯಾದಂದಿನಿಂದ ನಮ್ಮ ಮನೆಯವರು ಗಾಡಿಯ ಕೆಳಗಿನಿಂದ ಕೈ ಚಾಚಿ ಹದಿನೇಳು, ಹತ್ತೊಂಬತ್ತು ಎನ್ನುತ್ತಿದ್ದರು, ನಾನು ಕೊಡುತ್ತಿದ್ದೆ. ತಿರುವುವುದು ಮಾತ್ರ ಹೊಸದು.

ಚಾಚಾ ಬೇವಿನ ಮರದ ಕೆಳಗೆ ಸ್ಟೂಲಿನ ಮೇಲೆ ಕುಳಿತರು. ಕಲ್ಟಿವೇಟರ್ ಕಳಚಿದೆವು. ತೋಳುಗಳನ್ನು ಪೂರಾ ಇಳಿಸಿ, ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆಯನ್ನು ಡಬ್ಬಿಗೆ ಇಳಿಸಿದೆ. ಸೀಟು ತೆಗೆದೆ. ಅದರ ಕೆಳಗೆ ಲಿಫ್ಟಿನ ದಪ್ಪ ಮುಚ್ಚಳ, ಸುತ್ತಲೂ ಬೋಲ್ಟುಗಳು. ಒಂದು ಬಿಚ್ಚಿದರೆ ಅದರ ಎದುರಿನದನ್ನು ಬಿಚ್ಚು ಎಂದರು. ನಾಲ್ಕನೆಯದು ಅಲುಗಲಿಲ್ಲ. ಪಾನಾಕ್ಕೆ ಪೈಪು ಸಿಕ್ಕಿಸಿ ಮೈಭಾರ ಹಾಕಿದೆ.

"ಜಗಳ ಆಡಬ್ಯಾಡ ಬೇಟಿ ಅದರ ಜೋಡಿ. ನಿನ್ನ ಸಿಟ್ಟ ನನಗ ಕಾಣ್ತದ, ಬೋಲ್ಟಿಗೆ ಕಾಣಂಗಿಲ್ಲ. ಮುರೀತದ."

ಡೀಸೆಲ್ ಹನಿಸಿ ಸ್ವಲ್ಪ ಹೊತ್ತು ಬಿಟ್ಟೆವು. ಆಮೇಲೆ ಬಂತು. ಡ್ರೈವರ್ ಬೇವಿನ ಕೊಂಬೆಗೆ ಚೈನು ಕಟ್ಟಿ ಮುಚ್ಚಳವನ್ನು ಎತ್ತಿಕೊಟ್ಟ. ಮುಚ್ಚಳದ ತಳಭಾಗಕ್ಕೇ ಸಿಲಿಂಡರ್ ಜೋಡಿಸಿರುತ್ತದೆ. ಅದರೊಳಗಿನ ಪಿಸ್ಟನ್ನನ್ನು ಕಟ್ಟಿಗೆಯ ಹಿಡಿಕೆಯಿಂದ ಹಿಂದಿನಿಂದ ತಳ್ಳಿ ಹೊರಗೆ ತೆಗೆದೆ. ಡೀಸೆಲ್‌ನಲ್ಲಿ ತೊಳೆದು ಚಾಚಾನ ಕೈಗಿಟ್ಟೆ.

ಅವರು ಹೆಬ್ಬೆರಳಿನಿಂದ ಸೀಲಿನ ಸುತ್ತ ಒಂದು ಸುತ್ತು ಸವರಿದರು. ಇನ್ನೊಂದು ಸುತ್ತು ಸವರಿದರು. ಉಗುರಿನಿಂದ ಅಂಚನ್ನು ಎಬ್ಬಿಸಿದಾಗ ಕೆಳಗಿನಿಂದ ಬಿಳಿಯದೊಂದು ಎಳೆ ಬಂತು. ನಳ ಜೋಡಿಸುವವರು ಸೋರದಂತೆ ಸುತ್ತುತ್ತಾರಲ್ಲ, ಆ ಟೇಪು.

"ಇದನ್ನ ಬಿಚ್ಚಿದವ ಯಾರು?"

ಹೇಳಿದೆ.

"ಹೊಸಾ ಸೀಲ ಹಾಕೀನಿ ಅಂದನೇನು?"

"ಹೌದ್ರಿ ಚಾಚಾ. ಹಳೇದು ನಮ್ಮ ಕೈಯಾಗ ಕೊಟ್ಟಾನ."

"ತಾ ನೋಡೂನು."

ಒಳಗೆ ಓಡಿಹೋಗಿ ಮಾಡದಿಂದ ಸೀಲನ್ನು ತಂದೆ. ಅದರ ಮೇಲೆ ಕುಂಕುಮದ ಬಣ್ಣ ಇನ್ನೂ ಇತ್ತು. ಚಾಚಾ ಅದನ್ನು ಪಿಸ್ಟನ್ನಿಗೆ ಏರಿಸಿದರು. ನನ್ನ ಬಳೆಯನ್ನು ಕೂಸಿನ ಕೈಗೆ ಹಾಕಿದ ಹಾಗೆ ಅದು ಜೋತುಬಿತ್ತು. ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಇದು ಈ ಗಾಡೀದಲ್ಲ ಬೇಟಿ. ದೊಡ್ಡ ಗಾಡೀದು. ನಿಮ್ಮ ಹಳೇ ಸೀಲ ಒಳಗ ಅದ. ಕೆಳಗ ಟೇಪ ಸುತ್ತಿ ಉಬ್ಬಿಸ್ಯಾನ. ತಿಂಗಳು ಎರಡ ತಿಂಗಳು ನಡೀತದ ಅದು. ಆಮ್ಯಾಲ ಎಣ್ಣಿ ಕಾದಾಗ ಜಾರ್ತದ."

ಅವರೇ ಮತ್ತೆ ಅಂದರು, "ಹಳೇ ಸಾಮಾನ ಮಾಲಕನ ಕೈಗೆ ಕೊಡೋ ರಿವಾಜ ನಮ್ಮಂಥವರೇ ಮಾಡಿದ್ದು. ಹಚ್ಚಿ ನೋಡ್ಲಿ ಅಂತ ಕೊಡ್ತಿದ್ವಿ. ನೀವು ಪೂಜಿ ಮಾಡಿ ಇಟ್ಟೀರಿ."

ಅವರು ಕುಹಕವಾಗಿ ಹೇಳಿದ್ದಲ್ಲ. ಆದರೆ ಅದು ಖರೆಯ ಮಾತು. ಗಾಡಿಯ ಯಾವ ಭಾಗಕ್ಕೂ ಒಮ್ಮೆಯೂ ಹಿಡಿದು ನೋಡದೆ, ಕೊಟ್ಟವನ ಮುಖ ನೋಡಿ ನಂಬಿ, ಹೂ ಏರಿಸಿದ್ದೆ.

ಮರುದಿನ ಎರಡೂ ಸೀಲುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅವನ ಅಂಗಡಿಗೆ ಹೋದೆ. ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ. ತನ್ನ ತಲೆಯ ಪಕ್ಕ ಒಂದು ಕೊರಡು ನಿಲ್ಲಿಸಿಕೊಂಡಿದ್ದ.

"ಏ ವೈನಿ, ಬರ್ರಿ ಬರ್ರಿ. ಚಹಾ ಹೇಳ್ತೇನಿ" ಎಂದು ಎದ್ದ.

ಕರವಸ್ತ್ರ ಬಿಚ್ಚಿ ಎರಡನ್ನೂ ಬೆಂಚಿನ ಮೇಲೆ ಇಟ್ಟೆ. "ಇದರಾಗ ನಮ್ಮದು ಯಾವದ್ರಿ ಅಣ್ಣಾರ?"

ನೋಡಿದ. ಕೈಯಲ್ಲಿದ್ದ ಚಿಂದಿಯಿಂದ ಒರೆಸಿದ ಬೆರಳುಗಳನ್ನೇ ಮತ್ತೆ ಮತ್ತೆ ಒರೆಸಿಕೊಂಡ. ಮೊದಲು ಗೊತ್ತಿಲ್ಲ ಎಂದ. ಆಮೇಲೆ, ಅಂಗಡಿಯಲ್ಲಿ ಸಾಮಾನು ಅದಲು ಬದಲಾಗಿರಬೇಕು ಎಂದ. ನಾನು ಅಲ್ಲೇ ನಿಂತಿದ್ದೆ. ಕೊನೆಗೆ ಬೆಂಚಿನ ಮೇಲೆ ಕುಳಿತುಬಿಟ್ಟ.

"ಕೊಳಕೂರದವರ ಗಾಡಿ ಬಂದಿತ್ರಿ ವೈನಿ. ಇದರದೇ ಮಾಡೆಲ್ಲು. ದೊಡ್ಡ ಮನಿತನ, ವರ್ಷಕ್ಕ ನಾಕಾರು ಗಾಡಿ ತರ್ತಾರ. ಇವತ್ತ ಬೇಕು ಅಂತ ಕುಂತ್ರು. ನಿಮ್ಮ ಪಾಕೀಟ ಕೈಗೆ ಸಿಕ್ತು, ಹಾಕಿಬಿಟ್ಟೆ. ವಾರದಾಗ ಇನ್ನೊಂದ ತರಸಿ ನಿಮಗ ಹಾಕಿದ್ರಾತು ಅಂತ. ಸಿಗಲಿಲ್ರಿ. ಅಲ್ಲೀತನಕ ನಿಲ್ತದ ಅನಕೊಂಡಿದ್ದೆ."

"ಹೇಳಬಹುದಿತ್ತಲ್ರಿ. ಇವತ್ತ ಹಾಕಿಲ್ಲ, ಕೊರಡ ಇಟ್ಕೋ ಅಂತ ಒಂದ ಮಾತು."

"ದೋಸ್ತಗ ಹೆಂಗ ಹೇಳ್ಲಿ, ನಿನ್ನ ಸಾಮಾನ ಬ್ಯಾರೇವರಿಗೆ ಹಾಕೀನಿ ಅಂತ? ಮಾರಿ ಹೆಂಗ ತೋರಸ್ಲಿ?"

ಅದನ್ನು ಹೇಳುವಾಗ ಅವನು ಅಳುತ್ತಿದ್ದ. ಆ ಅಳು ಸುಳ್ಳೆಂದು ನಾನು ಹೇಳುವುದಿಲ್ಲ. ಅತ್ತೆಯ ಕಾಲ ಮೇಲೆ ಬಿದ್ದು ಅತ್ತದ್ದೂ ಸುಳ್ಳಲ್ಲ. ಆದರೆ ಅದೇ ದಿನ, ಅದೇ ಕಣ್ಣೀರಿನಲ್ಲೇ, ಸತ್ತ ಗೆಳೆಯನ ಮೇಲೆ ತನ್ನ ತಪ್ಪನ್ನು ಹೊರಿಸಿ ಮನೆಗೆ ಹೋಗಿದ್ದ. ಮುಖ ತೋರಿಸಲು ಆಗದವನು ನಮ್ಮ ಅಂಗಳದಲ್ಲಿ ಕುಳಿತು ಚಹಾ ಕುಡಿದಿದ್ದ.

ಅವನಿಂದ ನನಗೆ ಬೇರೇನೂ ಬೇಕಿರಲಿಲ್ಲ. ಪೊಲೀಸು, ಪಂಚಾಯ್ತಿ ಎಂದು ತವರಿನವರು ಹೇಳಿದರು. ನಾನು ಒಲ್ಲೆ ಎಂದೆ. ಅವನಿಗೆ ಹೇಳಿದ್ದು ಒಂದೇ: "ನಮ್ಮ ಮನಿಗೆ ಬಂದು, ಅತ್ತಿ ಮುಂದ ಕುಂತು, ಅವರು ಲಿವರ್ ಮುಟ್ಟಿಲ್ಲ ಅಂತ ಹೇಳ್ರಿ. ಅಷ್ಟ ಸಾಕು."

"ಸೋಮವಾರ ಬರ್ತೇನಿ ವೈನಿ. ಘತ್ತರಗಿ ತಾಯಿ ಆಣಿ, ಬರ್ತೇನಿ."

ಮನೆಗೆ ಬಂದು ನಾನೇ ಅತ್ತೆಗೆ ಎಲ್ಲವನ್ನೂ ಹೇಳಿದೆ. ಸೀಲುಗಳನ್ನು ಅವರ ಕೈಗಿತ್ತೆ. ಮಂಜುಗಣ್ಣಿನವರು ಎರಡನ್ನೂ ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದರು, ದೊಡ್ಡದು ಯಾವುದು ಸಣ್ಣದು ಯಾವುದು ಎಂದು ಅವರಿಗೆ ಚೆನ್ನಾಗಿ ತಿಳಿಯಿತು. ಆದರೂ ತಲೆ ಅಲ್ಲಾಡಿಸಿದರು.

"ನೀ ಅವನ ಹೆಂಡ್ತಿ ಇದ್ದಿ, ಅವನ ಕಡೀ ಮಾತಾಡ್ತಿ. ಆ ಹುಡುಗ ನನ್ನ ಕೈಯಾಗ ಉಂಡಾನ. ಅಂವ ಬಂದು ಹೇಳ್ಲಿ. ಅಂವ ಹೇಳಿದ್ರ ನಂಬ್ತೇನಿ."

ನನಗೆ ಕೋಪ ಬರಲಿಲ್ಲ. ಒಬ್ಬ ಮಗನನ್ನು ಕಳೆದುಕೊಂಡವರಿಗೆ ಎರಡನೆಯವನನ್ನೂ ಕಳೆದುಕೊಳ್ಳಿ ಎಂದು ನಾನು ಹೇಳುತ್ತಿದ್ದೆ.

ಚಾಚಾ ತಮ್ಮ ಗುರುತಿನವರಿಂದ ಕಲಬುರಗಿಯಲ್ಲಿ ಹುಡುಕಿಸಿ ಸೀಲು ತರಿಸಿದರು. ಸಿಲಿಂಡರಿನ ಒಳಗೋಡೆಯ ಮೇಲೆ ನನ್ನ ಉಗುರನ್ನು ಆಡಿಸಿ ಗೀರು ಇಲ್ಲವೆಂದು ನೋಡಿಸಿದರು. ಹೊಸ ಸೀಲಿಗೆ ಎಣ್ಣೆ ಸವರಿ, ಮಡಚದಂತೆ, ತಿರುಚದಂತೆ ನಾನೇ ಪಿಸ್ಟನ್ನಿಗೆ ಏರಿಸಿದೆ. ಮುಚ್ಚಳ ಮುಚ್ಚುವ ಮೊದಲು, ಒಳಗಿನಿಂದ ತೆಗೆದ ಹಳೆಯದನ್ನು ಹೊಸದರ ಮೇಲೆ ಹಿಡಿದು ನೋಡು ಎಂದರು. ನೋಡಿದೆ. ಒಂದೇ ಅಳತೆ.

ಲಿಫ್ಟ್ ನಿಲ್ಲುತ್ತದೋ ಇಲ್ಲವೋ ನೋಡಲು ಚಾಚಾ ಒಂದು ಉಪಾಯ ಹೇಳಿಕೊಟ್ಟರು. ಸಂಜೆ ಕಲ್ಟಿವೇಟರನ್ನು ಎತ್ತಿ, ಇಂಜಿನ್ ಬಂದ್ ಮಾಡಿ, ಸಗಣಿಯ ಒಂದು ಒಣ ಕುಳ್ಳನ್ನು ಕುಳದ ಕೆಳಗೆ ಒಂದು ಬೆರಳು ಸಂದು ಬಿಟ್ಟು ನಿಲ್ಲಿಸಬೇಕು. ಬೆಳಿಗ್ಗೆ ಕುಳ್ಳು ಒಡೆಯದೆ ನಿಂತಿದ್ದರೆ ಕೆಲಸ ಸರಿಯಾಗಿದೆ. ಮೊದಲ ದಿನ ನಿಂತಿತ್ತು. ಎರಡನೆಯ ದಿನವೂ. ಈಗಲೂ ನಾನು ದಿನಾ ನಿಲ್ಲಿಸುತ್ತೇನೆ, ದಿನಾ ಬೆಳಿಗ್ಗೆ ಅದು ಹಾಗೇ ಇರುತ್ತದೆ. ಆದರೂ ಜಾಲಿಯ ಹೊಸ ಕೊರಡೊಂದನ್ನು ಕೊಯ್ಯಿಸಿದ್ದೇನೆ. ಅದನ್ನು ನಿಲ್ಲಿಸದೆ ಕೆಳಗೆ ಹೋಗಬೇಡ ಎಂದು ಡ್ರೈವರನಿಗೆ ಹೇಳಿದ್ದೇನೆ. ಮಾಡದಲ್ಲಿ ಈಗ ದೀಪ ಮಾತ್ರ ಇದೆ.

ಸೋಮವಾರ ನಮ್ಮ ಗಾಡಿಯ ಕೀಲಿ ಇಳಿಯುವುದಿಲ್ಲ. ಅತ್ತೆ ಜಳಕ ಮಾಡಿ ಕಟ್ಟೆಯ ಮೇಲೆ ಕುಳಿತು ರಸ್ತೆಯ ಕಡೆ ಕಿವಿಗೊಡುತ್ತಾರೆ. ಮೋಟರ್ ಸೈಕಲ್ ಸದ್ದಾದರೆ "ಅಂವ ಬಂದನೇನು ನೋಡ" ಎನ್ನುತ್ತಾರೆ. ನಾನು ಹೊರಗೆ ಬಂದು ನೋಡುತ್ತೇನೆ. ಎರಡು ರೊಟ್ಟಿ ಹೆಚ್ಚು ಬಡಿಯಲು ಅವರು ಹೇಳುತ್ತಾರೆ, ನಾನು ಬಡಿಯುತ್ತೇನೆ.

ನಮ್ಮ ಮನೆಯವರು ಲಿವರ್ ಮುಟ್ಟಿರಲಿಲ್ಲ ಎಂದು ಹೇಳಬೇಕಾದವನು ಇನ್ನೂ ಬಂದಿಲ್ಲ.